ಗೋಲು ತಡೆದವರ ಲೆಕ್ಕ: ಹಾಕಿ ಹಾಲ್ ಆಫ್ ಫೇಮ್ ಆಯ್ಕೆ ಸಮಿತಿಗೆ ಒಂದು ಬಹಿರಂಗ ಪತ್ರ

ಟೊರೊಂಟೊದ ಹಾಕಿ ಹಾಲ್ ಆಫ್ ಫೇಮ್ ಆಯ್ಕೆ ಸಮಿತಿಯ 18 ಸದಸ್ಯರಿಗೆ,

ಮಾನ್ಯರೇ,

2019ರಲ್ಲಿ ನೀವು, ಎದುರಾಳಿ ತಾರೆಗಳನ್ನು ತಡೆಯುವುದಕ್ಕೇ ಹೆಸರಾದ ಐಸ್ ಹಾಕಿ ಆಟಗಾರ ಗೀ ಕಾರ್ಬೊನೊ ಅವರನ್ನು ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡಿರಿ. ಆ ನಿರ್ಧಾರಕ್ಕಾಗಿ ಮೊದಲು ನಿಮಗೆ ವಂದನೆ. ಆದರೆ ಅವರು ಆಟ ನಿಲ್ಲಿಸಿದ್ದು 2000ದಲ್ಲಿ. ಆಟ ಬಿಟ್ಟು ಮೂರು ಋತು ಕಳೆದರೆ ಅರ್ಹತೆ ಎಂಬುದು ನಿಮ್ಮದೇ ನಿಯಮ. 2003ರಲ್ಲೇ ಅರ್ಹರಾಗಿದ್ದವರು 16 ವರ್ಷ ಬಾಗಿಲಲ್ಲಿ ನಿಂತರು. ಆ ಅವಧಿಯಲ್ಲಿ ಅವರ ದಾಖಲೆಗೆ ಒಂದು ಗೋಲೂ ಸೇರಲಿಲ್ಲ, ಒಂದು ಕಪ್ಪೂ ಸೇರಲಿಲ್ಲ. 2003ರಲ್ಲಿ ಇದ್ದದ್ದೇ 2019ರಲ್ಲೂ ಇತ್ತು: ಉತ್ತರ ಅಮೆರಿಕದ ಎನ್‌ಎಚ್‌ಎಲ್ ಲೀಗ್‌ನ ಚಾಂಪಿಯನ್ ತಂಡಕ್ಕೆ ಸಲ್ಲುವ ಸ್ಟಾನ್ಲಿ ಕಪ್ ಮೂರು, ರಕ್ಷಣಾ ಆಟಕ್ಕೆ ಸಲ್ಲುವ ಸೆಲ್ಕಿ ಟ್ರೋಫಿ ಮೂರು, 1,318 ಪಂದ್ಯ, 663 ಅಂಕ (ಗೋಲು ಮತ್ತು ಗೋಲಿಗೆ ನೆರವಾದ ಅಸಿಸ್ಟ್‌ಗಳ ಮೊತ್ತ). ಬದಲಾದದ್ದು ಸಭೆಯಲ್ಲಿ ಕುಳಿತವರ ಅಳತೆಗೋಲು ಮಾತ್ರ. ಆ ಅಳತೆಗೋಲಿನ ಬಗ್ಗೆಯೇ ಈ ಪತ್ರ.

ನಾನು ಒಂಟಾರಿಯೊದಲ್ಲಿ ನೆಲೆಸಿರುವ ಕನ್ನಡಿಗ. ನಿಮಗೆ ಬರೆಯುವ ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಇಲ್ಲಿನ ಕನ್ನಡ ಮನೆಗಳ ಮಕ್ಕಳೂ ಈಗ ಬೆಳಗಿನ ಜಾವ ಎದ್ದು ಸ್ಕೇಟ್ ಕಟ್ಟಿಕೊಂಡು ರಿಂಕ್‌ಗೆ ಇಳಿಯುತ್ತಾರೆ. ಗಾಜಿನ ಆಚೆ ನಿಂತ ತಂದೆ ತಾಯಿಯರು ಆಟ ಮುಗಿದ ಮೇಲೆ ಕೇಳುವ ಮೊದಲ ಪ್ರಶ್ನೆ, ಎಷ್ಟು ಗೋಲು ಹೊಡೆದೆ ಎಂಬುದು. ಎದುರಾಳಿ ತಂಡದ ಅತ್ಯುತ್ತಮ ಹುಡುಗನನ್ನು ಇಡೀ ಬೆಳಿಗ್ಗೆ ಗೋಲಿನ ಹತ್ತಿರಕ್ಕೂ ಬಿಡದ ಮಗು ಆ ಪ್ರಶ್ನೆಗೆ ತಲೆ ತಗ್ಗಿಸಿ 'ಒಂದೂ ಇಲ್ಲ' ಎನ್ನುತ್ತದೆ. ಯಾವ ಕೆಲಸಕ್ಕೆ ಗೌರವ, ಯಾವುದಕ್ಕೆ ಇಲ್ಲ ಎಂಬುದನ್ನು ಮಕ್ಕಳು ದೊಡ್ಡವರಿಂದ ಕಲಿಯುತ್ತಾರೆ. ದೊಡ್ಡವರು ನಿಮ್ಮಂಥ ಸಂಸ್ಥೆಗಳಿಂದ ಕಲಿಯುತ್ತಾರೆ. ಆದ್ದರಿಂದ ಈ ಚರ್ಚೆ ನನ್ನ ಭಾಷೆಯ ಓದುಗರ ಎದುರಿಗೇ ನಡೆಯಲಿ ಎಂಬುದು ನನ್ನ ಆಸೆ.

ಹುಲ್ಲಿನ ಮೈದಾನದ ಹಾಕಿಯನ್ನೇ ನೋಡಿ ಬೆಳೆದ ಓದುಗರಿಗಾಗಿ ಒಂದೆರಡು ಮಾತು. ಐಸ್ ಹಾಕಿಯಲ್ಲಿ ಗೋಲಿಯನ್ನು (ಗೋಲ್‌ಕೀಪರ್) ಬಿಟ್ಟರೆ ಐವರು ಆಟಗಾರರು: ಇಬ್ಬರು ಡಿಫೆನ್ಸ್‌ಮನ್, ಮೂವರು ಫಾರ್ವರ್ಡ್. ಫಾರ್ವರ್ಡ್‌ಗಳಲ್ಲಿ ನಡುವಿನವನು ಸೆಂಟರ್, ಇಕ್ಕೆಲದವರು ವಿಂಗರ್‌ಗಳು. ಮುಕ್ಕಾಲು ನಿಮಿಷ ಉಸಿರು ಬಿಗಿಹಿಡಿದು ಆಡಿ, ಬೆಂಚಿಗೆ ಮರಳಿ, ಮುಂದಿನ ಮೂವರಿಗೆ ಜಾಗ ಬಿಡಬೇಕು. ಯಾರ ಎದುರು ಯಾರು ಎಂಬುದು ತರಬೇತುದಾರರ ನಡುವಿನ ಪಂದ್ಯ. ಆಟ ನಿಂತಾಗ ಕೊನೆಯಲ್ಲಿ ಆಟಗಾರರನ್ನು ಬದಲಿಸುವ ಹಕ್ಕು ಸ್ವಂತ ಊರಿನ ತಂಡಕ್ಕೆ ಇರುತ್ತದೆ. ಎದುರಾಳಿಯ ತಾರೆ ಇಳಿದದ್ದನ್ನು ನೋಡಿಕೊಂಡು ತನ್ನ ಕಾವಲುಗಾರನನ್ನು ಇಳಿಸಬಹುದು. ಆ ಕಾವಲಿಗೆ ಇಳಿಯುವ ಫಾರ್ವರ್ಡ್‌ನ ಬಗ್ಗೆ ನಾನು ಬರೆಯುತ್ತಿದ್ದೇನೆ. ಹೆಸರಿಗೆ ಮುನ್ಪಡೆಯವನಾದರೂ ಅವನ ದಿನದ ಕೆಲಸ ಹಿಮ್ಮುಖವಾಗಿ ಧಾವಿಸುವುದು, ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಸಾಗಬಹುದಾದ ದಾರಿಯಲ್ಲಿ ಕೋಲು ಚಾಚುವುದು, ತಾರೆಯನ್ನು ನಡುವಿನಿಂದ ಅಂಚಿನ ಹಲಗೆಗಳ ಕಡೆಗೆ ಒತ್ತಿಕೊಂಡು ಹೋಗುವುದು, ತನ್ನ ತಂಡದವನು ಪೆನಾಲ್ಟಿ ತಿಂದು ಕುಳಿತಾಗ ನಾಲ್ವರೇ ನಿಂತು ಐವರನ್ನು ಎರಡು ನಿಮಿಷ ತಡೆಯುವುದು, ಒಂದು ಗೋಲಿನ ಮುನ್ನಡೆಯಲ್ಲಿ ಕೊನೆಯ ನಿಮಿಷ ಉಳಿದಿರುವಾಗ, ಆಟ ಮತ್ತೆ ಶುರುಮಾಡಲು ಇಬ್ಬರ ನಡುವೆ ಪಕ್ ಬೀಳಿಸುವ, ತನ್ನ ಗೋಲಿನ ಪಕ್ಕದ ಫೇಸ್‌ಆಫ್ ಗೆಲ್ಲುವುದು.

ಕೆರೆಯ ಏರಿ ಒಡೆಯದ ವರ್ಷ ಊರಿನಲ್ಲಿ ಯಾರೂ ನೀರುಗಂಟಿಯ ಹೆಸರು ಹೇಳುವುದಿಲ್ಲ. ಈ ಆಟಗಾರರದ್ದೂ ಅದೇ ಪಾಡು. ಅವರ ಕೆಲಸ ಚೆನ್ನಾಗಿ ನಡೆದ ರಾತ್ರಿ ಏನೂ ಆಗಿರುವುದಿಲ್ಲ, ಏನೂ ಆಗದ್ದನ್ನು ದಾಖಲೆ ಪುಸ್ತಕದಲ್ಲಿ ಬರೆಯಲು ಕಲಂ ಇಲ್ಲ.

ಇರುವ ಕಲಂಗಳು ಅವರಿಗೆ ಅನ್ಯಾಯವನ್ನೇ ಮಾಡುತ್ತವೆ. ಪ್ಲಸ್-ಮೈನಸ್ ಎಂಬ ಹಳೆಯ ಲೆಕ್ಕವನ್ನೇ ನೋಡಿ. ನೀವು ರಿಂಕ್‌ನಲ್ಲಿರುವಾಗ ನಿಮ್ಮ ತಂಡ ಗೋಲು ಹೊಡೆದರೆ ಒಂದು ಕೂಡುತ್ತದೆ, ಬಿಟ್ಟುಕೊಟ್ಟರೆ ಒಂದು ಕಳೆಯುತ್ತದೆ. ಆದರೆ ಪವರ್ ಪ್ಲೇಯಲ್ಲಿ, ಎಂದರೆ ಎದುರಾಳಿ ಪೆನಾಲ್ಟಿ ತಿಂದು ಕಡಿಮೆ ಜನರಿರುವಾಗ, ಬಿದ್ದ ಗೋಲುಗಳು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಎಂದರೆ, ರಕ್ಷಣಾ ಫಾರ್ವರ್ಡ್‌ನ ಅತ್ಯಂತ ಕಠಿಣ ಕೆಲಸವಾದ ಪೆನಾಲ್ಟಿ ಕಿಲ್ಲಿಂಗ್‌ಗೆ ಅಲ್ಲಿ ಜಾಗವಿಲ್ಲ. ಋತುವಿಡೀ ಪ್ರತಿ ಪಂದ್ಯದಲ್ಲಿ ಎರಡೆರಡು ನಿಮಿಷ ಕೋಟೆ ಕಾಯ್ದು ಒಂದು ಗೋಲನ್ನೂ ಬಿಡದವನಿಗೆ ಸಿಗುವುದು ಸೊನ್ನೆ. ಇನ್ನೊಂದು ಕಡೆ, ಬಲಿಷ್ಠ ತಂಡದಲ್ಲಿ ಆಡಿದವರಿಗೆಲ್ಲ ಈ ಸಂಖ್ಯೆ ಉಬ್ಬುತ್ತದೆ. 1970–71ರಲ್ಲಿ ಬಾಬಿ ಆರ್ ಗಳಿಸಿದ +124 ಇಂದಿಗೂ ದಾಖಲೆ; ಆರ್ ಅದ್ಭುತ ಆಟಗಾರರು ಎಂಬುದು ನಿಜ, ಅವರ ಸುತ್ತ ಇದ್ದ ಬಾಸ್ಟನ್ ತಂಡವೂ ಆ ಸಂಖ್ಯೆಯಲ್ಲಿ ಸೇರಿದೆ ಎಂಬುದೂ ನಿಜ.

ತಡೆದ ಹೊಡೆತಗಳು, ಡಿಕ್ಕಿಗಳು ಎಂಬ ಕಲಂಗಳಿಂದಲೂ ನನಗೆ ಸಮಾಧಾನವಿಲ್ಲ. ಹೊಡೆತಕ್ಕೆ ಮೈಯೊಡ್ಡುವುದು ಧೈರ್ಯದ ಕೆಲಸ, ಅನುಮಾನವಿಲ್ಲ. ಆದರೆ ಪಕ್ ಎದುರಾಳಿಯ ಬಳಿ ಇರುವಾಗ ಮಾತ್ರ ಅದಕ್ಕೆ ಅವಕಾಶ. ಹೊಡೆತವೇ ಹೊರಡದಂತೆ ಎರಡು ಹೆಜ್ಜೆ ಮೊದಲೇ ದಾರಿ ಮುಚ್ಚಿದವನು ಆ ಪಟ್ಟಿಯಲ್ಲಿ ಕೆಳಗಿರುತ್ತಾನೆ. ನೋವಿನ ಕಥೆಗಳ ಬಗ್ಗೆಯೂ ಇದೇ ಮಾತು. 2013ರ ಫೈನಲ್‌ನ ಆರನೇ ಪಂದ್ಯವನ್ನು ಪಟ್ರೀಸ್ ಬರ್ಜರಾನ್ ಮುರಿದ ಪಕ್ಕೆಲುಬು, ಜಾರಿದ ಭುಜ ಹೊತ್ತು ಆಡಿದರು. ಪಂದ್ಯದ ನಂತರ ಅವರ ಶ್ವಾಸಕೋಶಕ್ಕೂ ತೂತು ಬಿದ್ದಿದ್ದು ತಿಳಿಯಿತು. ಅಭಿಮಾನಿಗಳು ಅವರ ಹಿರಿಮೆಯ ಮಾತು ಬಂದಾಗಲೆಲ್ಲ ಇದನ್ನೇ ಮೊದಲು ಹೇಳುತ್ತಾರೆ. ನನ್ನ ದೃಷ್ಟಿಯಲ್ಲಿ ಬರ್ಜರಾನ್ ದೊಡ್ಡವರಾಗಲು ಆ ಪಂದ್ಯ ಬೇಕಾಗಿಯೇ ಇರಲಿಲ್ಲ. ಮೈಯಲ್ಲಿ ಯಾವ ಗಾಯವೂ ಇಲ್ಲದ ಸಾಮಾನ್ಯ ಮಂಗಳವಾರದ ಪಂದ್ಯಗಳಲ್ಲಿ ಅವರು ನಿಂತ ಜಾಗಗಳೇ ಸಾಕು.

ಈಗ ಮಾಂಟ್ರಿಯಲ್ ಕೆನೇಡಿಯನ್ಸ್ ತಂಡದ ಬಾಬ್ ಗೇನಿ ಅವರ ಮಾತಿಗೆ ಬರುತ್ತೇನೆ. ನಿಮ್ಮ ಸಂಸ್ಥೆ ಒಮ್ಮೆ ಸರಿಯಾದ ಅಳತೆಗೋಲನ್ನು ಕೈಯಲ್ಲಿ ಹಿಡಿದಿತ್ತು ಎಂಬುದಕ್ಕೆ ಅವರೇ ಸಾಕ್ಷಿ. 1,160 ಪಂದ್ಯಗಳಲ್ಲಿ ಅವರ ಗಳಿಕೆ 239 ಗೋಲು, 262 ಅಸಿಸ್ಟ್. ಈ ಸಂಖ್ಯೆಗಳಷ್ಟನ್ನೇ ಕಾಗದದ ಮೇಲೆ ಬರೆದು ಹೆಸರು ಮುಚ್ಚಿ ತೋರಿಸಿದರೆ ನಿಮ್ಮಲ್ಲಿ ಯಾರೂ ಮತ ಹಾಕಲಾರಿರಿ. ಆದರೂ 1989ರಲ್ಲಿ ಆಟ ಬಿಟ್ಟ ಅವರನ್ನು ಅರ್ಹತೆ ಬಂದ ಮೊದಲ ವರ್ಷವೇ, 1992ರಲ್ಲಿ, ಹಾಲ್ ಆಫ್ ಫೇಮ್ ಬರಮಾಡಿಕೊಂಡಿತು. ಅತ್ಯುತ್ತಮ ರಕ್ಷಣಾ ಫಾರ್ವರ್ಡ್‌ಗೆ ಕೊಡುವ ಫ್ರಾಂಕ್ ಜೆ. ಸೆಲ್ಕಿ ಟ್ರೋಫಿ 1978ರಲ್ಲಿ ಆರಂಭವಾದಾಗ ಮೊದಲ ನಾಲ್ಕು ವರ್ಷ ಅದನ್ನು ಅವರೊಬ್ಬರೇ ಗೆದ್ದರು. ಸೋವಿಯತ್ ತರಬೇತುದಾರ ವಿಕ್ಟರ್ ಟಿಖೊನೊವ್, ಲಫ್ಲೂರ್ ಅವರಂಥ ತಾರೆಯಿದ್ದ ತಂಡದಲ್ಲಿ ಗೇನಿಯನ್ನು ಬೆರಳು ಮಾಡಿ ತೋರಿಸಿ ಹೊಗಳಿದ್ದು ಹಾಕಿ ಬಲ್ಲವರಿಗೆಲ್ಲ ಗೊತ್ತು.

ಗೇನಿ ಮಾಡಿದ್ದೇನು ಎಂಬುದನ್ನು ಅವರ ಅಂಕಗಳಲ್ಲಿ ಹುಡುಕಬಾರದು, ಗೀ ಲಫ್ಲೂರ್ ಅವರ ಅಂಕಗಳಲ್ಲಿ ಹುಡುಕಬೇಕು. ಎದುರಾಳಿಯ ಅತಿ ಅಪಾಯಕಾರಿ ಸಾಲನ್ನು ಗೇನಿ ಮತ್ತು ಸೆಂಟರ್ ಡಗ್ ಜಾರ್ವಿಸ್ ಹೊತ್ತುಕೊಂಡರು. ಆದ್ದರಿಂದ ಲಫ್ಲೂರ್, ಸ್ಟೀವ್ ಶಟ್, ಜಾಕ್ ಲಮೇರ್ ಅವರಿಗೆ ಆ ಭಾರವಿರಲಿಲ್ಲ. ಅವರು ದಾಳಿಗೆಂದೇ ಕಾಲು ಉಳಿಸಿಕೊಂಡು ಆಡಿದರು. 1976–77ರಲ್ಲಿ ಮಾಂಟ್ರಿಯಲ್ ಕೆನೇಡಿಯನ್ಸ್ 80 ಪಂದ್ಯಗಳಲ್ಲಿ ಸೋತದ್ದು ಎಂಟು ಮಾತ್ರ. ಅಂಥ ತಂಡವನ್ನು ಗೋಲು ಹೊಡೆದವರಷ್ಟೇ ಕಟ್ಟಲಿಲ್ಲ. 1979ರ ಪ್ಲೇಆಫ್‌ನಲ್ಲಿ ಅತ್ಯಮೂಲ್ಯ ಆಟಗಾರನಿಗೆ ಸಲ್ಲುವ ಕಾನ್ ಸ್ಮೈತ್ ಟ್ರೋಫಿಯನ್ನು ಲಫ್ಲೂರ್ ಇದ್ದ ಅದೇ ತಂಡದಿಂದ ಗೇನಿಗೆ ಕೊಟ್ಟರು. ಕೊಟ್ಟವರು ಆಟವನ್ನು ನೋಡುತ್ತಿದ್ದರು, ಪಟ್ಟಿಯನ್ನಲ್ಲ.

ಕಾರ್ಬೊನೊ ಅವರದ್ದು ಇನ್ನೂ ಸ್ಪಷ್ಟವಾದ ಪ್ರಕರಣ. 1993ರ ಫೈನಲ್‌ಗೆ ಲಾಸ್ ಏಂಜಲೀಸ್ ಕಿಂಗ್ಸ್ ಬಂದದ್ದು ವೇಯ್ನ್ ಗ್ರೆಟ್ಸ್ಕಿಯ ಬಲದಿಂದ. ಟೊರೊಂಟೊ ವಿರುದ್ಧದ ಏಳನೇ ಪಂದ್ಯದಲ್ಲಿ ಅವರು ಮೂರು ಗೋಲು ಹೊಡೆದಿದ್ದರು. ಫೈನಲ್‌ನ ಮೊದಲ ಪಂದ್ಯ ಮಾಂಟ್ರಿಯಲ್‌ನಲ್ಲೇ ನಡೆದರೂ ಕಿಂಗ್ಸ್ 4–1ರಿಂದ ಗೆದ್ದಿತು. ಅದಾದ ಮೇಲೆ ಮಾಂಟ್ರಿಯಲ್ ನಾಯಕ ಕಾರ್ಬೊನೊ ತರಬೇತುದಾರ ಜಾಕ್ ಡೆಮರ್ಸ್ ಬಳಿ ಹೋಗಿ, ಗ್ರೆಟ್ಸ್ಕಿಯನ್ನು ನನಗೆ ಬಿಡಿ ಎಂದು ಕೇಳಿಕೊಂಡರು. ಮುಂದಿನ ನಾಲ್ಕೂ ಪಂದ್ಯಗಳನ್ನು ಮಾಂಟ್ರಿಯಲ್ ಗೆದ್ದಿತು. ಆ ಸರಣಿಯ ನೆನಪು ತೆಗೆದರೆ ಜನ ಹೇಳುವುದು ಪ್ಯಾಟ್ರಿಕ್ ರಾಯ್ ಅವರ ಗೋಲ್‌ಕೀಪಿಂಗ್, ಎರಡನೇ ಪಂದ್ಯದ ಎರಿಕ್ ಡೆಜಾರ್ಡೆನ್ ಅವರ ಮೂರು ಗೋಲು, ಮಾರ್ಟಿ ಮೆಕ್‌ಸಾರ್ಲಿಯ ನಿಯಮ ಮೀರಿದ ಕೋಲು. ಅವೆಲ್ಲ ಕಣ್ಣಿಗೆ ಕಂಡವು. ಆಟ ಕಂಡ ಅತಿ ದೊಡ್ಡ ಆಟಗಾರನನ್ನು ತಾನೇ ಮುಂದೆ ಬಂದು ಕೇಳಿ ಪಡೆದ ನಾಯಕನ ಕೆಲಸ ನಿಮಗೆ ಕಾಣಲು 16 ವರ್ಷ ಬೇಕಾಯಿತು.

ಸೆಲ್ಕಿ ಟ್ರೋಫಿಯೇ ಇರುವಾಗ ಅಳತೆಯ ಚಿಂತೆ ಏಕೆ ಎಂದು ನೀವು ಕೇಳಬಹುದು. ಆ ಟ್ರೋಫಿಗೆ ಮತ ಹಾಕುವವರು ಹಾಕಿ ಬರಹಗಾರರು. ಅವರ ಆಯ್ಕೆಗಳನ್ನು ವರ್ಷದಿಂದ ವರ್ಷಕ್ಕೆ ಓದುತ್ತ ಹೋದರೆ ಬದಲಾವಣೆ ಎದ್ದು ಕಾಣುತ್ತದೆ. 1990ರಲ್ಲಿ ಸೇಂಟ್ ಲೂಯಿಸ್‌ನ ರಿಕ್ ಮೀಗರ್ ಕೇವಲ 25 ಅಂಕ ಗಳಿಸಿ ಆ ಟ್ರೋಫಿ ಗೆದ್ದಿದ್ದರು. ನಾಲ್ಕೇ ವರ್ಷದ ನಂತರ ಡೆಟ್ರಾಯಿಟ್‌ನ ಸರ್ಗೇಯ್ ಫೆಡೊರೊವ್ 120 ಅಂಕ ಗಳಿಸಿ, ಲೀಗ್‌ನ ಅತ್ಯಮೂಲ್ಯ ಆಟಗಾರನ ಹಾರ್ಟ್ ಟ್ರೋಫಿಯನ್ನೂ ಸೆಲ್ಕಿಯನ್ನೂ ಒಟ್ಟಿಗೇ ಗೆದ್ದರು. ಪಾವೆಲ್ ದಾತ್ಸ್ಯುಕ್ 2008 ಮತ್ತು 2009ರಲ್ಲಿ ಗೆದ್ದಾಗ ಎರಡೂ ಋತುಗಳಲ್ಲಿ ಅವರ ಅಂಕ 97. ಇಂದು 25 ಅಂಕದ ಫಾರ್ವರ್ಡ್ ಮೊದಲ ಮೂವರಲ್ಲಿ ಬರುವುದನ್ನು ಊಹಿಸಲೂ ಆಗದು. ವಿಂಗರ್‌ಗಳಂತೂ ವಿಜೇತರ ಪಟ್ಟಿಯಿಂದಲೇ ಮಾಯವಾಗಿದ್ದಾರೆ: ಆ ಟ್ರೋಫಿ ಗೆದ್ದ ಕೊನೆಯ ವಿಂಗರ್ 2003ರ ಯೆರೆ ಲೆಹ್ಟಿನೆನ್.

ಇದರಲ್ಲಿ ಪೂರ್ತಿ ತಪ್ಪು ಇಲ್ಲ ಎಂಬುದನ್ನು ಒಪ್ಪುತ್ತೇನೆ. ಲೀಗ್‌ನಲ್ಲಿ ಆರೇ ತಂಡಗಳಿದ್ದ ಹಳೆಯ ಕಾಲದಲ್ಲಿ ವಿಂಗರ್‌ಗಳು ತಮ್ಮ ಪಟ್ಟೆಯಲ್ಲೇ ಮೇಲೆ ಕೆಳಗೆ ಓಡುತ್ತಿದ್ದರು. ರೈಟ್ ವಿಂಗರ್‌ನ ಎದುರು ನೇರವಾಗಿ ಲೆಫ್ಟ್ ವಿಂಗರ್. ಈಗ ತನ್ನ ಗೋಲಿನ ಬಳಿ ಡಿಫೆನ್ಸ್‌ಮನ್‌ಗಳಿಗೆ ನೆರವಾಗಿ ಕೆಳಗಿಳಿಯುವವನು ಸೆಂಟರ್, ಫೇಸ್‌ಆಫ್ ತೆಗೆದುಕೊಳ್ಳುವವನೂ ಅವನೇ. ಹೊಣೆ ಹೆಚ್ಚಿದ ಕಡೆ ಹೆಸರೂ ಹೆಚ್ಚುವುದು ಸಹಜ. ಇದಕ್ಕಿಂತ ಗಟ್ಟಿಯಾದ ವಾದ ಇನ್ನೊಂದಿದೆ: ಪಕ್ ನಮ್ಮ ಬಳಿ ಇರುವಷ್ಟು ಹೊತ್ತು ಎದುರಾಳಿ ಗೋಲು ಹೊಡೆಯಲಾರ, ಆದ್ದರಿಂದ ಪಕ್ ಹಿಡಿದಿಟ್ಟುಕೊಳ್ಳುವ ದಾತ್ಸ್ಯುಕ್, ಬರ್ಜರಾನ್ ಅವರಂಥವರೇ ಅತ್ಯುತ್ತಮ ರಕ್ಷಕರು. ಬಫಲೊ ತಂಡದ ಗೋಲಿ ತರಬೇತುದಾರರಾಗಿದ್ದ ಜಿಮ್ ಕಾರ್ಸಿ ಅವರ ಹೆಸರಿನಲ್ಲಿ ಬಳಕೆಗೆ ಬಂದ ಲೆಕ್ಕ, ಎಂದರೆ ಗುರಿ ಮುಟ್ಟಿದ್ದು, ತಪ್ಪಿದ್ದು, ತಡೆದದ್ದು ಎಲ್ಲವೂ ಸೇರಿದಂತೆ ಎರಡೂ ಕಡೆಯ ಹೊಡೆತದ ಯತ್ನಗಳ ಎಣಿಕೆ, ಈ ವಾದಕ್ಕೆ ಬಲ ಕೊಟ್ಟಿತು. ಆರು ಬಾರಿ ಸೆಲ್ಕಿ ಗೆದ್ದ ಬರ್ಜರಾನ್ ಅವರಿಗಿಂತ ಮೇಲೆ ಈ ಕಲೆಯಲ್ಲಿ ಯಾರನ್ನೂ ಇಡಲು ನಾನು ಸಿದ್ಧನಿಲ್ಲ.

ಆದರೆ ಆ ವಾದವನ್ನು ಎಲ್ಲೆಡೆಗೂ ಎಳೆಯುವಂತಿಲ್ಲ. ತಾರೆ ಸೆಂಟರ್‌ಗೆ ತರಬೇತುದಾರ ಎದುರಾಳಿಯ ಗೋಲಿನ ಬಳಿ ಫೇಸ್‌ಆಫ್ ಕೊಡುತ್ತಾನೆ. ಕಾವಲು ಸಾಲಿನವನನ್ನು ಇಳಿಸುವುದು ತನ್ನದೇ ಗೋಲಿನ ಬಳಿ, ದಣಿದ ಸಂಗಡಿಗರ ಜೊತೆ, ಎದುರಾಳಿಯ ಮೊದಲ ಸಾಲಿನ ಮುಂದೆ. ಅವನು ಪಕ್ ಹೊರಹಾಕಿ ಬೆಂಚಿಗೆ ಬಂದರೆ ಕೆಲಸ ಮುಗಿಯಿತು; ಮುಂದಿನ ದಾಳಿಯ ಫಲ ಬೇರೆಯವರ ಲೆಕ್ಕಕ್ಕೆ. ಹೊಡೆತಗಳ ಎಣಿಕೆಯಲ್ಲಿ ಅವನು ಸದಾ ಬಡವನಾಗಿಯೇ ಕಾಣುತ್ತಾನೆ, ಬಡವನಾಗಿ ಕಾಣುವ ಸ್ಥಿತಿಗೆ ಅವನನ್ನು ಬೇಕೆಂದೇ ಕಳುಹಿಸಲಾಗಿದೆ. ಎರಡೂ ಬಲ್ಲವನು ಇನ್ನೂ ದೊಡ್ಡ ಆಟಗಾರ, ಸರಿ. ಆದರೆ ರಕ್ಷಣೆಯ ಹಿರಿಮೆಯನ್ನು ತೂಗುವಾಗ ಗೋಲುಗಳನ್ನು ತಕ್ಕಡಿಯ ಅದೇ ತಟ್ಟೆಗೆ ಹಾಕಿದರೆ ಏನನ್ನು ತೂಗುತ್ತಿದ್ದೇವೆ ಎಂಬುದೇ ಮರೆತುಹೋಗುತ್ತದೆ.

ಇತ್ತೀಚಿನ ಉದಾಹರಣೆ 2024ರ ಫೈನಲ್. ಫ್ಲೋರಿಡಾ ಪ್ಯಾಂಥರ್ಸ್ ಮೊದಲ ಮೂರು ಪಂದ್ಯ ಗೆದ್ದ ಮೇಲೆ ಎಡ್ಮಂಟನ್‌ನ ಕಾನರ್ ಮೆಕ್‌ಡೇವಿಡ್ ನಾಲ್ಕನೇ ಮತ್ತು ಐದನೇ ಪಂದ್ಯಗಳಲ್ಲಿ ತಲಾ ನಾಲ್ಕು ಅಂಕ ಗಳಿಸಿದರು. ಸರಣಿ ತಿರುಗಿತು ಎಂದೇ ಎಲ್ಲರೂ ಅಂದುಕೊಂಡರು. ಆರನೇ ಪಂದ್ಯದಲ್ಲಿ ಎಡ್ಮಂಟನ್ ಗೆದ್ದರೂ ಮೆಕ್‌ಡೇವಿಡ್ ಅವರಿಗೆ ಅಂಕ ಬರಲಿಲ್ಲ. ಏಳನೆಯದರಲ್ಲೂ ಬರಲಿಲ್ಲ, ಫ್ಲೋರಿಡಾ 2–1ರಿಂದ ಕಪ್ ಎತ್ತಿತು. ಆ ಪ್ಲೇಆಫ್‌ನಲ್ಲಿ 42 ಅಂಕ ಗಳಿಸಿದ ಮೆಕ್‌ಡೇವಿಡ್ ಅವರಿಗೆ, ಸೋತ ತಂಡದವರಾದರೂ, ಕಾನ್ ಸ್ಮೈತ್ ಟ್ರೋಫಿ ಸಂದಿತು. ಅದನ್ನು ನಾನು ಆಕ್ಷೇಪಿಸುವುದಿಲ್ಲ. ನಾನು ಕೇಳುವುದಿಷ್ಟೇ: ಕೊನೆಯ ಎರಡು ಪಂದ್ಯಗಳಲ್ಲಿ ಅವರ ಹೆಸರಿನ ಮುಂದೆ ಸೊನ್ನೆ ಬರೆಸಿದವರ ಲೆಕ್ಕ ಎಲ್ಲಿ? ಅದರಲ್ಲಿ ನಾಯಕ ಅಲೆಕ್ಸಾಂಡರ್ ಬಾರ್ಕೊವ್ ಅವರ ಪಾಲೆಷ್ಟು, ಡಿಫೆನ್ಸ್‌ಮನ್ ಗುಸ್ತಾವ್ ಫಾರ್ಸ್‌ಲಿಂಗ್ ಅವರ ಪಾಲೆಷ್ಟು, ಗೋಲಿ ಸರ್ಗೇಯ್ ಬೊಬ್ರೊವ್ಸ್ಕಿ ಅವರ ಪಾಲೆಷ್ಟು? ಇದನ್ನು ಬಿಡಿಸುವುದು ಕಷ್ಟ. ಕಷ್ಟ ಎಂಬ ಕಾರಣಕ್ಕೆ ಇಡೀ ಪಾಲನ್ನು ಯಾರಿಗೂ ಕೊಡದೆ ಬಿಡುವುದು ನ್ಯಾಯವಲ್ಲ.

ಹಾಗಾದರೆ ಹೇಗೆ ತೂಗಬೇಕು? ನಾನು ಮೊದಲು ನೋಡುವುದು ಅವನಿಗೆ ಒಪ್ಪಿಸಿದ ಕೆಲಸವನ್ನು. ತರಬೇತುದಾರರು ಹೊಗಳಿಕೆಯಲ್ಲಿ ಧಾರಾಳಿಗಳು, ಸುಳ್ಳು ಹೇಳುವುದೂ ಉಂಟು. ಆದರೆ ಏಳನೇ ಪಂದ್ಯದ ಕೊನೆಯ ನಿಮಿಷದಲ್ಲಿ, ಎದುರಾಳಿ ಗೋಲಿಯನ್ನು ಹೊರಗೆ ಕರೆದು ಆರನೆಯವನನ್ನು ಇಳಿಸಿದಾಗ, ಯಾರ ಬೆನ್ನು ತಟ್ಟಿ ಕಳುಹಿಸುತ್ತಾರೆ ಎಂಬುದರಲ್ಲಿ ಸುಳ್ಳಿರುವುದಿಲ್ಲ. ಅಲ್ಲಿ ಅವರ ನೌಕರಿ ಪಣಕ್ಕಿರುತ್ತದೆ. ಒಬ್ಬ ಫಾರ್ವರ್ಡ್‌ನನ್ನು ಬೇರೆ ಬೇರೆ ತರಬೇತುದಾರರು, ವರ್ಷಾನುಗಟ್ಟಲೆ, ಅದೇ ನಿಮಿಷಕ್ಕೆ ಕಳುಹಿಸಿದ್ದರೆ ಅದಕ್ಕಿಂತ ದೊಡ್ಡ ಸಾಕ್ಷ್ಯ ನನಗೆ ಬೇಡ. ಆಮೇಲೆ ನೋಡುವುದು ಎದುರಾಳಿ ತಾರೆಗೆ ಏನಾಯಿತು ಎಂಬುದನ್ನು: ಇವನಿಲ್ಲದಾಗ ಅವನ ಗಳಿಕೆ ಎಷ್ಟು, ಇವನೆದುರು ಎಷ್ಟು. 1997–98ರಿಂದ ಲೀಗ್ ಪ್ರತಿ ಆಟಗಾರನ ರಿಂಕ್ ಸಮಯವನ್ನು ದಾಖಲಿಸುತ್ತಿದೆ. 2021–22ರಿಂದ ಪಕ್ ಮತ್ತು ಅಂಗಿಗಳಲ್ಲಿ ಸಂವೇದಕಗಳಿವೆ. ಹೊಸಬರನ್ನು ಹೀಗೆ ತೂಗಲು ಸಾಮಗ್ರಿ ನಿಮ್ಮ ಮುಂದಿದೆ. ಹಳಬರಿಗೆ ಪಂದ್ಯದ ಚಿತ್ರಸುರುಳಿಗಳಿವೆ. ಅವುಗಳನ್ನು ನೋಡುವಾಗ ಪಕ್ ಇರುವ ಕಡೆಯಿಂದ ಕಣ್ಣು ತೆಗೆಯಬೇಕು, ಅಷ್ಟೇ.

ಆಟದ ಶುಚಿಯೂ ನನಗೆ ಮುಖ್ಯ. 2004–05ರ ಋತು ರದ್ದಾಗುವ ಮುನ್ನಿನ ಹತ್ತು ವರ್ಷ ರಕ್ಷಣೆಯ ಹೆಸರಿನಲ್ಲಿ ನಡೆದದ್ದರಲ್ಲಿ ಎಷ್ಟೋ ಭಾಗ ಎದುರಾಳಿಯ ಅಂಗಿ ಹಿಡಿದು ಜಗ್ಗುವುದು, ಸೊಂಟಕ್ಕೆ ಕೋಲು ಕೊಕ್ಕೆ ಹಾಕುವುದು. ಅದನ್ನು ನಾನು ಕಲೆ ಎನ್ನಲಾರೆ. ಟೊರೊಂಟೊ ತಂಡದವರೇ ಆದ ಡೇವ್ ಕಿಯಾನ್ ಅವರನ್ನು ನೋಡಿ. 1967ರ ಪ್ಲೇಆಫ್‌ನಲ್ಲಿ 12 ಪಂದ್ಯಗಳಲ್ಲಿ ಎಂಟೇ ಅಂಕ ಗಳಿಸಿ ಕಾನ್ ಸ್ಮೈತ್ ಟ್ರೋಫಿ ಪಡೆದವರು ಅವರು. ಎನ್‌ಎಚ್‌ಎಲ್‌ನ 1,296 ಪಂದ್ಯಗಳಲ್ಲಿ ಅವರು ಪೆನಾಲ್ಟಿಯಲ್ಲಿ ಕುಳಿತದ್ದು 117 ನಿಮಿಷ. ಎದುರಾಳಿಯ ಸೆಂಟರ್‌ನ ಹೆಜ್ಜೆಗೆ ಹೆಜ್ಜೆ ಅಂಟಿಕೊಂಡು, ಕೈ ಮಾಡದೆ, ಕಾಲಿನಿಂದ ಮತ್ತು ಬುದ್ಧಿಯಿಂದಲೇ ತಡೆದವರು. 1986ರಲ್ಲಿ ಅವರನ್ನು ಸೇರಿಸಿಕೊಂಡ ನಿಮ್ಮ ಹಿರಿಯರಿಗೆ ನನ್ನ ನಮಸ್ಕಾರ.

ಇಷ್ಟು ಹೇಳಿದ ಮೇಲೆ ಕ್ಲಾಡ್ ಪ್ರೊವೊ ಅವರ ಮಾತು ಎತ್ತದೆ ವಿಧಿಯಿಲ್ಲ. ನಿಮ್ಮ ಸಂಸ್ಥೆಯ ಮೇಲೆ ನನಗಿರುವ ಅತಿ ದೊಡ್ಡ ದೂರು ಇದು. ಪ್ರೊವೊ 1955ರಿಂದ 1970ರವರೆಗೆ ಮಾಂಟ್ರಿಯಲ್‌ನ ರೈಟ್ ವಿಂಗರ್. ಒಂಬತ್ತು ಸ್ಟಾನ್ಲಿ ಕಪ್ ಗೆದ್ದರು. 1956ರಿಂದ 1960ರವರೆಗಿನ ಐದು ಸತತ ಕಪ್‌ಗಳಲ್ಲೂ ಅವರಿದ್ದರು. 1,005 ಪಂದ್ಯ, 254 ಗೋಲು. 1961–62ರಲ್ಲಿ 33 ಗೋಲು ಹೊಡೆದರು, ಹೊಡೆಯಲು ಬಾರದವರೇನಲ್ಲ. ಆದರೆ ತರಬೇತುದಾರ ಟೋ ಬ್ಲೇಕ್ ಅವರಿಗೆ ಒಪ್ಪಿಸಿದ ಕೆಲಸ ಬೇರೆ. ಷಿಕಾಗೊದ ಲೆಫ್ಟ್ ವಿಂಗರ್ ಬಾಬಿ ಹಲ್ ಆ ಕಾಲದ ಅತಿ ಭಯಂಕರ ಹೊಡೆತಗಾರ. ರೈಟ್ ವಿಂಗರ್ ಆದ ಪ್ರೊವೊ ಅವರ ನೇರ ಎದುರು. 1965ರ ಫೈನಲ್ ಏಳು ಪಂದ್ಯ ನಡೆಯಿತು, ಏಳರಲ್ಲೂ ಪ್ರೊವೊ ಹಲ್ ಅವರ ನೆರಳಾದರು. ಹಲ್ ಅವರನ್ನು ಕೆಡವಿ, ಕೆಣಕಿ ಮಾಡಿದ ಕಾವಲಲ್ಲ ಅದು. ಸ್ಕೇಟಿಂಗ್‌ನಿಂದ ಮಾಡಿದ ಕಾವಲು. ಕೊನೆಯ ಪಂದ್ಯವನ್ನು ಮಾಂಟ್ರಿಯಲ್ 4–0ರಿಂದ ಗೆದ್ದಿತು. ಅದೇ ವರ್ಷ ಮೊದಲ ಬಾರಿಗೆ ಕೊಟ್ಟ ಕಾನ್ ಸ್ಮೈತ್ ಟ್ರೋಫಿ ನಾಯಕ ಜ್ಯಾಂ ಬೆಲಿವೊ ಅವರಿಗೆ ಹೋಯಿತು.

ಅವರ ಕಾಲದವರು ಅವರನ್ನು ಗುರುತಿಸಲಿಲ್ಲವೇ? ಗುರುತಿಸಿದ್ದರು. 1964–65ರಲ್ಲಿ ಲೀಗ್‌ನ ಅತ್ಯುತ್ತಮರನ್ನು ಆರಿಸಿದ ಆಲ್ ಸ್ಟಾರ್ ಮೊದಲ ತಂಡದ ರೈಟ್ ವಿಂಗರ್ ಪ್ರೊವೊ. ಎರಡನೇ ತಂಡಕ್ಕೆ ಇಳಿದವರು ಆಟದ ದಂತಕಥೆ ಗಾರ್ಡಿ ಹೋ. ಹೋ ಅವರಿಗಿಂತ ಮೇಲಿನ ಸ್ಥಾನವನ್ನು ಯಾರೂ ಕನಿಕರದಿಂದ ಕೊಡುವುದಿಲ್ಲ. 1968ರಲ್ಲಿ ಛಲಕ್ಕೂ ಕ್ರೀಡಾಮನೋಭಾವಕ್ಕೂ ಕೊಡುವ ಬಿಲ್ ಮಾಸ್ಟರ್‌ಟನ್ ಟ್ರೋಫಿ ಆರಂಭವಾದಾಗ ಅದರ ಮೊದಲ ವಿಜೇತರೂ ಅವರೇ. ಸೆಲ್ಕಿ ಟ್ರೋಫಿ ಬಂದದ್ದು ಅವರು ಆಟ ಬಿಟ್ಟು ಎಂಟು ವರ್ಷದ ನಂತರ. ಅದು ಇಪ್ಪತ್ತು ವರ್ಷ ಮೊದಲು ಇದ್ದಿದ್ದರೆ ಅದರ ಮೇಲೆ ಅವರ ಹೆಸರು ಎಷ್ಟು ಸಲ ಕೆತ್ತಿರುತ್ತಿದ್ದರೋ! ಟ್ರೋಫಿ ಇರಲಿಲ್ಲ ಎಂಬುದು ಆಟಗಾರನ ದೋಷವಲ್ಲ. 1984ರಲ್ಲಿ, 50ನೆಯ ವಯಸ್ಸಿನಲ್ಲಿ, ಪ್ರೊವೊ ತೀರಿಕೊಂಡರು. 2025ರ ಪಟ್ಟಿಯವರೆಗೂ ನಿಮ್ಮ ಗೋಡೆಯಲ್ಲಿ ಅವರಿಗೆ ಜಾಗವಿಲ್ಲ. ಅದೇ ತಂಡದ, ಅದೇ ಕಪ್‌ಗಳ ಅವರ ಸಂಗಡಿಗರು ಅನೇಕರು ಅಲ್ಲಿದ್ದಾರೆ.

ರಾಡ್ ಬ್ರಿಂಡ್‌ಅಮೋರ್ ಬಗ್ಗೆಯೂ ಕೇಳುವವರಿದ್ದಾರೆ. 1,484 ಪಂದ್ಯ, 1,184 ಅಂಕ, ಎರಡು ಸೆಲ್ಕಿ, 2006ರಲ್ಲಿ ಕೆರೊಲೈನಾ ನಾಯಕರಾಗಿ ಕಪ್. ಅವರನ್ನು ಸೇರಿಸಲು ಹೊಸ ಅಳತೆಗೋಲೇನೂ ಬೇಡ, ನಿಮ್ಮ ಹಳೆಯದೇ ಸಾಕು. ಆದ್ದರಿಂದ ಅಲ್ಲಿ ನಿಲ್ಲದೆ ಮುಂದೆ ಹೋಗುತ್ತೇನೆ.

ಯೆರೆ ಲೆಹ್ಟಿನೆನ್ ಅವರಿಗೆ ಹೊಸ ಅಳತೆಗೋಲು ಬೇಕು. 875 ಪಂದ್ಯಗಳಲ್ಲಿ 514 ಅಂಕ. ಈ ಸಂಖ್ಯೆಯನ್ನು ಹಿಡಿದು ಯಾರೂ ಅವರ ಪರ ವಾದಿಸುವುದಿಲ್ಲ, ನಾನೂ ವಾದಿಸುವುದಿಲ್ಲ. 1995ರಿಂದ 2010ರವರೆಗೆ ಡಲ್ಲಾಸ್ ಸ್ಟಾರ್ಸ್ ಬಿಟ್ಟು ಬೇರೆ ಎನ್‌ಎಚ್‌ಎಲ್ ತಂಡಕ್ಕೆ ಅವರು ಆಡಲಿಲ್ಲ. 1998, 1999, 2003ರಲ್ಲಿ ಸೆಲ್ಕಿ ಗೆದ್ದರು. ಮೈಕ್ ಮೊಡಾನೊ ಅವರ ಪಕ್ಕದಲ್ಲಿ ಆಡುತ್ತ, ತಾರೆಗಳ ಸಾಲಿನಲ್ಲೇ ಇದ್ದುಕೊಂಡು ಎದುರಾಳಿ ತಾರೆಗಳ ಸಾಲನ್ನು ತಡೆದರು. ಬಾಬಿ ಹಲ್ ಅವರ ಮಗ ಬ್ರೆಟ್ ಹಲ್ ಅದೇ ತಂಡದಲ್ಲಿ ಗೋಲುಗಳ ಸರದಾರರಾಗಿದ್ದರು. 1999ರ ಕಪ್ ತಂದುಕೊಟ್ಟ ಗೋಲು ಅವರದ್ದು. ಆ ಡಲ್ಲಾಸ್ ತಂಡದ ರಚನೆಯನ್ನೇ ಗಮನಿಸಿ. ತಂಡ ಕಟ್ಟಿದ ಜನರಲ್ ಮ್ಯಾನೇಜರ್ ಬಾಬ್ ಗೇನಿ. ಸಹಾಯಕ ತರಬೇತುದಾರರಲ್ಲಿ ಒಬ್ಬರು ಡಗ್ ಜಾರ್ವಿಸ್, 1984ರ ಸೆಲ್ಕಿ ವಿಜೇತರು. ಆಟಗಾರರಲ್ಲಿ 39ರ ಹರೆಯದ ಕಾರ್ಬೊನೊ, ಜೊತೆಗೆ ಲೆಹ್ಟಿನೆನ್. ಈ ಕಲೆಯನ್ನು ಒಳಗಿನಿಂದ ಬಲ್ಲವರು ಒಂದೇ ಛಾವಣಿಯಡಿ ಕೂಡಿ ಕಪ್ ಗೆದ್ದರು, ಅವರ ನಡುವೆ ಆ ಕೆಲಸದ ಮುಖ್ಯ ಭಾರ ಹೊತ್ತವರು 25ರ ಈ ಫಿನ್ಲೆಂಡ್ ಯುವಕ.

ನಿಮ್ಮದು ಎನ್‌ಎಚ್‌ಎಲ್‌ನ ಹಾಲ್ ಅಲ್ಲ, ಹಾಕಿಯ ಹಾಲ್. ಹಾಗಿರುವಾಗ ಫಿನ್ಲೆಂಡ್ ಪರ ಲೆಹ್ಟಿನೆನ್ ಗೆದ್ದ ನಾಲ್ಕು ಒಲಿಂಪಿಕ್ ಪದಕಗಳನ್ನೂ ಎಣಿಸಬೇಕು: 1994, 1998, 2010ರಲ್ಲಿ ಕಂಚು, 2006ರಲ್ಲಿ ಬೆಳ್ಳಿ. 1995ರಲ್ಲಿ ಫಿನ್ಲೆಂಡ್ ಮೊದಲ ಬಾರಿಗೆ ವಿಶ್ವ ಚಾಂಪಿಯನ್ ಆದಾಗ ಸಾಕು ಕೊಯಿವು, ವಿಲ್ಲೆ ಪೆಲ್ಟೊನೆನ್ ಜೊತೆ ಅದೇ ಪ್ರಸಿದ್ಧ ಸಾಲಿನಲ್ಲಿ ಅವರಿದ್ದರು. ಡಲ್ಲಾಸ್ 2017ರಲ್ಲಿ ಅವರ 26ನೇ ಸಂಖ್ಯೆಯನ್ನು ಶಾಶ್ವತವಾಗಿ ಅವರಿಗೇ ಮೀಸಲಿಟ್ಟಿತು. ಮೂರು ಸೆಲ್ಕಿ ಗೆದ್ದ ಕಾರ್ಬೊನೊ ಒಳಗಿದ್ದಾರೆ, ಮೂರು ಗೆದ್ದ ದಾತ್ಸ್ಯುಕ್ 2024ರಿಂದ ಒಳಗಿದ್ದಾರೆ, ಮೂರು ಗೆದ್ದ ಲೆಹ್ಟಿನೆನ್ ಹೊರಗಿದ್ದಾರೆ. ಗಾಯಗಳು ಅವರ ಅನೇಕ ಋತುಗಳನ್ನು ಮೊಟಕುಗೊಳಿಸಿದವು ಎಂಬ ಆಕ್ಷೇಪಕ್ಕೆ ನನ್ನ ಉತ್ತರ, ಆಡಿದ ಪಂದ್ಯಗಳಲ್ಲಿ ಅವರಿಗೆ ಯಾರನ್ನು ಒಪ್ಪಿಸಿದ್ದರು ಎಂದು ನೋಡಿ ಎಂಬುದೇ.

ನಿಮ್ಮ ಮತದಾನ ಗುಪ್ತ. ಯಾರು ಯಾರಿಗೆ ಮತ ಹಾಕಿದರು ಎಂದು ಕೇಳುವ ಹಕ್ಕು ನನಗಿಲ್ಲ, ಕೇಳುವುದೂ ಇಲ್ಲ. ಆದರೆ ಒಬ್ಬರನ್ನು ಒಳಗೆ ತೆಗೆದುಕೊಂಡಾಗ, ರಕ್ಷಣೆಯ ಯಾವ ಸಾಕ್ಷ್ಯ ನೋಡಿ ತೆಗೆದುಕೊಂಡಿರಿ ಎಂದು ಸಮಿತಿಯ ಹೆಸರಿನಲ್ಲಿ ನಾಲ್ಕು ಸಾಲು ಬರೆದು ಪ್ರಕಟಿಸಬಹುದಲ್ಲವೇ? 2019ರಲ್ಲಿ ಹಾಗೆ ಬರೆದಿದ್ದರೆ, ಕಾರ್ಬೊನೊ ಅವರಲ್ಲಿ 16 ವರ್ಷ ಕಾಣದ್ದು ಆಗ ಏನು ಕಂಡಿತು ಎಂಬುದು ನಮಗೆಲ್ಲ ತಿಳಿಯುತ್ತಿತ್ತು. ಮುಂದಿನ ಸದಸ್ಯರಿಗೆ ಅದೇ ದಾರಿಯಾಗುತ್ತಿತ್ತು. ಮಕ್ಕಳ ತಂಡಗಳ ತರಬೇತುದಾರರು ಅದನ್ನು ಓದಿ ಹುಡುಗ ಹುಡುಗಿಯರಿಗೆ ತೋರಿಸುತ್ತಿದ್ದರು.

ನೀವು ಸೇರುವುದು ಜೂನ್‌ನಲ್ಲಿ. ಪುರುಷ ಆಟಗಾರರಿಗೆ ವರ್ಷಕ್ಕೆ ನಾಲ್ಕು ಸ್ಥಾನ, ಒಬ್ಬರಿಗೆ ಬೇಕಾದದ್ದು 18ರಲ್ಲಿ 14 ಮತ. ಹೆಸರು ಸೂಚಿಸುವ ಅಧಿಕಾರ ನಿಮ್ಮ ಕೈಯಲ್ಲಿದೆ. ಈ ಇಬ್ಬರ ಹೆಸರನ್ನೂ ಸೂಚಿಸಿ ಎಂದು ವಿನಂತಿಸುತ್ತೇನೆ. ಒಂದೇ ವರ್ಷ ಇಬ್ಬರಿಗೂ ಜಾಗ ಮಾಡಲಾಗದಿದ್ದರೆ ಮೊದಲು ಪ್ರೊವೊ, ಏಕೆಂದರೆ ಅವರನ್ನು ರಿಂಕ್‌ನಲ್ಲಿ ಕಣ್ಣಾರೆ ಕಂಡವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ಅವರ ಸಾಕ್ಷ್ಯವನ್ನು ಈಗಲೇ ಕೇಳಿ ಬರೆದಿಟ್ಟುಕೊಳ್ಳಿ. ಅದರ ಮರುವರ್ಷ ಲೆಹ್ಟಿನೆನ್.

ಇಂತಿ ತಮ್ಮ ವಿಶ್ವಾಸಿ,
ಒಂಟಾರಿಯೊದ ಒಬ್ಬ ಕನ್ನಡಿಗ ಹಾಕಿ ಅಭಿಮಾನಿ